ಬಿಟ್ಟ ಸಿಹಿಯೆಲ್ಲ ಎಲ್ಲಿಗೆ ಹೋಯಿತು

ತಪಸ್ಸುಕಾಲಕ್ಕೆ ನಮ್ಮ ಚರ್ಚಿನ ವಾರ್ಡಿನವರು ಏನೇನು ಬಿಡುತ್ತಾರೆ ಎಂದು ಬರೆದಿಡುವ ಅಭ್ಯಾಸ ನನಗೆ ಬಹಳ ವರ್ಷದಿಂದ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಹಾಲಿನವನು ಬಾರದ ದಿನ ಬರೆಯುವ ಜಾಗದಲ್ಲೇ ಅದನ್ನೂ ಬರೆಯುತ್ತೇನೆ. ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನ ಮೆಟ್ಟಿಲು ಇಳಿಯುವಾಗಲೇ ವಿಚಾರಣೆ ಶುರುವಾಗುತ್ತದೆ: "ಈ ಸಲ ನೀವೆಂತ ಬಿಡ್ತೀರಿ?" ಈಸ್ಟರ್‌ವರೆಗಿನ ನಲವತ್ತು ದಿನ ಇಷ್ಟವಾದದ್ದೊಂದನ್ನು ಬಿಡಬೇಕು, ಬಿಟ್ಟದ್ದನ್ನು ಕಷ್ಟದಲ್ಲಿರುವವರಿಗೆ ಕೊಡಬೇಕು. ಇದು ನಮ್ಮ ರೂಢಿ.

ನನ್ನ ಗಂಡ ಪ್ರತಿ ವರ್ಷ ಹಾಗಲಕಾಯಿ ಬಿಡುತ್ತಾರೆ. ಎದುರುಮನೆಯ ಟೀಚರ್ ಒಂದು ಧಾರಾವಾಹಿ ಬಿಟ್ಟು, ಅದರ ಕತೆಯನ್ನು ತೀರ್ಥಹಳ್ಳಿಯಲ್ಲಿರುವ ತಂಗಿಯಿಂದ ಫೋನಿನಲ್ಲಿ ಹೇಳಿಸಿಕೊಳ್ಳುತ್ತಾರೆ. ಮೀನು ಬಿಡುವವರು ಹಿಂದಿನ ದಿನವೇ ವಾರಕ್ಕಾಗುವಷ್ಟು ತಿಂದಿರುತ್ತಾರೆ. ಹೊನ್ನಾವರದಿಂದ ಘಟ್ಟ ಹತ್ತಿ ಸಾಗರಕ್ಕೆ ಬರುವ ಮೀನಿನ ಗಾಡಿಯವನಿಗೆ ನಮ್ಮ ಹಬ್ಬದ ಪಟ್ಟಿ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. "ನಿಮ್ಮ ಬೂದಿ ಯಾವತ್ತು ಅಕ್ಕಾ? ಅದ್ರ ಮುಂಚಿನ ದಿನ ಬಂಗಡೆ ಜಾಸ್ತಿ ಹಾಕ್ಕೊಂಡು ಬರ್ಬೇಕು" ಎಂದು ಅವನೇ ಕೇಳುತ್ತಾನೆ.

ಆದರೆ ಹೆಚ್ಚಿನವರು ಬಿಡುವುದು ಸಿಹಿ. ಸಿಹಿ ಬಿಡುವುದರಲ್ಲಿ ಅನುಕೂಲವಿದೆ. ಅರ್ಧ ಜನಕ್ಕೆ ಡಾಕ್ಟರು ಹೇಗೂ ಬಿಡಲು ಹೇಳಿರುತ್ತಾರೆ. ಡಾಕ್ಟರ ಮಾತಿಗೆ ಬಿಟ್ಟರೆ ಕಾಯಿಲೆ, ಪ್ರಭುವಿನ ಹೆಸರಲ್ಲಿ ಬಿಟ್ಟರೆ ತ್ಯಾಗ.

ಕಳೆದ ವರ್ಷದ ತಪಸ್ಸುಕಾಲದಲ್ಲಿ ನಾವೆಲ್ಲ ಸೇರಿ ಒಬ್ಬ ಅಜ್ಜಿಯನ್ನು ಪ್ರೀತಿಸಿದೆವು. ಅವಳ ಕಾಲಿನ ಅದೃಷ್ಟ ಗಟ್ಟಿಯಿತ್ತು.

ಅಜ್ಜಿ ಇರುವುದು ಚರ್ಚಿನ ಹಿಂದಿನ ಒಂದು ಕೋಣೆಯಲ್ಲಿ. ವಯಸ್ಸು ಎಪ್ಪತ್ತೆಂಟೋ ಎಂಬತ್ತೋ, ಅವಳ ಮನಸ್ಸಿದ್ದಂತೆ. ಫಾದರುಗಳ ಮನೆಯಲ್ಲಿ ಅಡುಗೆ ಮಾಡುವುದೇ ಅವಳ ಜೀವಮಾನದ ಕೆಲಸ. ಮೊದಲು ತೀರ್ಥಹಳ್ಳಿ, ಆಮೇಲೆ ಹೊಸನಗರ, ಕೊನೆಗೆ ನಮ್ಮ ಸಾಗರ. "ತೀರ್ಥಹಳ್ಳಿ ಫಾದರಿಗೆ ಮೀನಿನ ತಲೆ ಬೇಕಿತ್ತು, ಹೊಸನಗರದವ್ರಿಗೆ ಮಧ್ಯದ ತುಂಡು. ಉಪವಾಸದ ಬಗ್ಗೆ ಮಾಡೋ ಪ್ರಸಂಗ ಮಾತ್ರ ಇಬ್ರದ್ದೂ ಒಂದೇ" ಎನ್ನುವ ನಾಲಿಗೆ. ನಾವು ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ ಮಾತಾಡುವವರು. ಅಜ್ಜಿಗೆ ಎರಡರಲ್ಲೂ ಬೈಯಲು ಬರುತ್ತದೆ. ಮಕ್ಕಳಿಲ್ಲ, ಗಂಡ ಎಂದೋ ಹೋದ. ಕೆಲಸ ಬಿಟ್ಟ ಮೇಲೆ ಚರ್ಚಿನ ಸಮಿತಿಯವರು ಆ ಕೋಣೆ ಕೊಟ್ಟಿದ್ದಾರೆ.

ಆ ವರ್ಷ ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಕಿರುಬೆರಳಿಗೆ ಗಾಯವಾಯಿತು. ಅಜ್ಜಿಗೆ ಸಕ್ಕರೆ ಕಾಯಿಲೆ. ಗಾಯ ಒಣಗಲಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ನನ್ನೆದುರೇ ಹೇಳಿದರು: ದಿನಾ ಬೆಳಿಗ್ಗೆ ಕುದಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆಯಬೇಕು, ಮುಲಾಮು ಹಚ್ಚಿ ಒಣ ಬಟ್ಟೆ ಕಟ್ಟಬೇಕು, ಸಿಹಿ ಮುಟ್ಟಬಾರದು. "ಬೆರಳು ಕಪ್ಪಾಗ್ತಾ ಬಂದ್ರೆ ಶಿವಮೊಗ್ಗಕ್ಕೆ ಕಳಿಸ್ತೀನಿ. ಬೆರಳಲ್ಲೇ ನಿಲ್ಲುತ್ತಾ, ಪಾದಕ್ಕೆ ಹತ್ತುತ್ತಾ, ನಾನು ಹೇಳಕ್ಕಾಗಲ್ಲ."

ಪಾದ ಹೋದರೆ ಕೋಣೆಯೂ ಹೋಯಿತು. ಪಾಯಖಾನೆ ಇರುವುದು ಅಂಗಳದಾಚೆ, ನಾಲ್ಕು ಮೆಟ್ಟಿಲು ಮೇಲೆ. ನಡೆಯಲಾರದವರನ್ನು ಅಲ್ಲಿ ಇಟ್ಟುಕೊಳ್ಳುವುದು ಹೇಗೆ, ಶಿವಮೊಗ್ಗದ ಕಡೆ ಒಳ್ಳೆಯ ವೃದ್ಧಾಶ್ರಮವಿದೆಯಲ್ಲ ಎಂದು ಸಮಿತಿಯವರು ಆಗಲೇ ಮೆಲ್ಲಗೆ ಮಾತಾಡಿಕೊಂಡಿದ್ದರು. ಅಜ್ಜಿ ಸಾವಿಗೆ ಹೆದರುವವಳಲ್ಲ. ಆಶ್ರಮದ ಮಾತು ಬಂದರೆ ಮಾತ್ರ ಮುಖ ಬೆಳ್ಳಗಾಗುತ್ತಿತ್ತು.

"ಅಲ್ಲಿ ಬೇರೆಯವ್ರು ಮಾಡಿದ್ದನ್ನ ತಿನ್ಬೇಕಲ್ಲ ಹೆಣ್ಣೇ" ಎಂದಳು ನನ್ನ ಕೈ ಹಿಡಿದು. "ಐವತ್ತು ವರ್ಷ ನಾನು ಮಾಡಿದ್ದನ್ನೇ ನಾನು ತಿಂದವಳು. ಸಾಯುವಾಗ ಯಾವಳೋ ಮಾಡಿದ ನೀರುಸಾರು ಕುಡಿದು ಸಾಯ್ಬೇಕಾ?"

ಆಗಷ್ಟೇ ಬಂದ ಫಾದರು ಚಿಕ್ಕ ವಯಸ್ಸಿನವರು, ಉತ್ಸಾಹ ಹೆಚ್ಚು. ಬೂದಿ ಹಚ್ಚಿದ ಮರು ಭಾನುವಾರ ಪ್ರಸಂಗದಲ್ಲಿ ಕಣ್ಣಲ್ಲಿ ನೀರು ಬರುವಂತೆ ಮಾತಾಡಿದರು. ತಾನು ಪ್ರೀತಿಸಿದ ಹಾಗೆಯೇ ನಾವೂ ಒಬ್ಬರನ್ನೊಬ್ಬರು ಪ್ರೀತಿಸಬೇಕು ಎಂದು ಪ್ರಭು ಹೇಳಿದ್ದು ಸಲಹೆಯಲ್ಲ, ಅಪ್ಪಣೆ; ಅಪ್ಪಣೆ ಎಂದ ಮೇಲೆ ವಿಧೇಯತೆ ಬೇಕು; ಪ್ರೀತಿ ಕೊಡುವುದು ಸುಲಭ, ಇನ್ನೊಬ್ಬರ ಪ್ರೀತಿಯನ್ನು ಬಗ್ಗಿ ಸ್ವೀಕರಿಸುವುದು ಅದಕ್ಕಿಂತ ಕಷ್ಟ. ಕೊನೆಗೆ, ಚರ್ಚಿನ ಹಿಂದೆಯೇ ಒಬ್ಬ ತಾಯಿ ಇದ್ದಾರೆ, ಈ ನಲವತ್ತು ದಿನ ಅವರ ಗಾಯ ತೊಳೆಯುವುದು ನಮ್ಮ ತ್ಯಾಗವಾಗಲಿ ಎಂದರು.

ಪೂಜೆ ಮುಗಿಯುವುದರೊಳಗೆ ನಮ್ಮ ಗುರಿಕಾರರು ನೋಟಿಸ್ ಬೋರ್ಡಿಗೆ ಪಟ್ಟಿ ಅಂಟಿಸಿದ್ದರು. ಗುರಿಕಾರರೆಂದರೆ ವಾರ್ಡಿನ ಮುಖಂಡರು. ಯಾರ ಮನೆಯಲ್ಲಿ ಜಪಸರ, ಯಾರ ಮನೆಗೆ ಫಾದರು, ಎಲ್ಲ ಅವರ ಲೆಕ್ಕ. ಹತ್ತು ನಿಮಿಷದಲ್ಲಿ ಪಟ್ಟಿ ತುಂಬಿತು. ಶುಕ್ರವಾರಗಳಿಗೆ ಜಗಳವೇ ಆಯಿತು, ಶುಕ್ರವಾರ ಪುಣ್ಯ ಹೆಚ್ಚು.

ಮೊದಲ ದಿನ ಒಂಬತ್ತು ಜನ ಬಂದರು. ಅಜ್ಜಿಯ ಕಾಲನ್ನು ಸ್ಟೂಲಿನ ಮೇಲಿಟ್ಟು ಮೂರು ಹಾಡು ಹಾಡಿದರು. ಒಬ್ಬೊಬ್ಬರೂ ಪ್ರಾರ್ಥಿಸಿದರು. ಗುರಿಕಾರರು ವಾಟ್ಸಾಪ್ ಗುಂಪಿಗೆಂದು ಫೋಟೋ ತೆಗೆದರು. ಹಿಂದೆ ನಿಂತವರು ಕಾಣುವುದಿಲ್ಲವೆಂದು ಇನ್ನೊಮ್ಮೆ ತೆಗೆದರು. ಕಾಲು ಮರಗಟ್ಟಿದ ಅಜ್ಜಿ, "ಹಾಡು ಚೆನ್ನಾಗಿತ್ತು. ಬಟ್ಟೆ ಬಿಚ್ಚೋರು ಯಾರು?" ಎಂದಳು.

ಎಲ್ಲರೂ ನನ್ನನ್ನು ನೋಡಿದರು. ನಾನು ಅತ್ತೆಯನ್ನು ಇದೇ ಕಾಯಿಲೆಯಲ್ಲಿ ಆರು ವರ್ಷ ನೋಡಿಕೊಂಡವಳು. ಪೂಜಾಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವವಳೂ ನಾನೇ. "ನಿಮ್ಗೆ ರೂಢಿ ಇದೆಯಲ್ಲ" ಎಂದರು ಟೀಚರ್, ಸೆರಗಿನಿಂದ ಮೂಗು ಮುಚ್ಚಿಕೊಂಡು, ಬಹಳ ಪ್ರೀತಿಯಿಂದ.

ಎರಡನೇ ವಾರ ಫೋನುಗಳು ಶುರುವಾದವು.

"ಅಕ್ಕಾ, ನಾಳೆ ನನ್ನ ಪಾಳಿ. ನಿಮಗೆ ಬಿಟ್ಟುಕೊಡ್ತಿದ್ದೀನಿ."

"ಯಾಕೆ, ಹುಷಾರಿಲ್ವಾ?"

"ಹುಷಾರಿದ್ದೀನಿ. ಆದ್ರೆ ಇನ್ನೊಬ್ರನ್ನ ಮುಂದೆ ಬಿಡ್ಬೇಕು ಅಂತ ಫಾದರ್ ಹೇಳಿದ್ರಲ್ಲ. ಪುಣ್ಯ ನಿಮಗೇ ಬರ್ಲಿ."

ಹೀಗೆ ಎಲ್ಲರೂ ತಮ್ಮ ಪುಣ್ಯವನ್ನು ತ್ಯಾಗ ಮಾಡಿದರು. ನಾನು ಗುರಿಕಾರರಿಗೆ ಹೇಳಿದರೆ ಅವರು ಫಾದರ ಇಷ್ಟ ಎಂದರು. ಫಾದರಿಗೆ ಹೇಳಿದರೆ ಗುರಿಕಾರರ ವ್ಯವಸ್ಥೆ ಎಂದರು. ವಿಧೇಯತೆ ಎಂಬುದು ನಮ್ಮಲ್ಲಿ ನೀರಿನ ಹಾಗೆ, ಮೇಲಿನಿಂದ ಹೊರಟು ತಗ್ಗು ಇರುವಲ್ಲಿ ಬಂದು ನಿಲ್ಲುತ್ತದೆ. ನಮ್ಮ ವಾರ್ಡಿನ ತಗ್ಗು ನಾನು.

ತೊಳೆಯಲು ಬಾರದವರು ನೋಡಿ ಹೋಗಲು ಮಾತ್ರ ಬರುತ್ತಿದ್ದರು, ಸಂಜೆಯ ಹೊತ್ತು, ನಾನಿಲ್ಲದಾಗ. ಅದನ್ನು ನಾನು ಒಳ್ಳೆಯದೆಂದೇ ತಿಳಿದಿದ್ದೆ. ಮುದುಕಿಗೆ ಮಾತಿಗೆ ಜನ ಸಿಕ್ಕಿತು ಎಂದುಕೊಂಡೆ. ಆದರೆ ಗಾಯ ಒಣಗುತ್ತಿರಲಿಲ್ಲ. ನಾನು ತೊಳೆದದ್ದು ಸರಿಯಿಲ್ಲವೋ ಎಂದು ಪಾತ್ರೆ ಬದಲಿಸಿದೆ, ಬಟ್ಟೆಯನ್ನು ಎರಡು ಸಲ ಕುದಿಸಿದೆ. ಮೂರನೇ ವಾರವೂ ಅಂಚು ತೇವವಾಗಿಯೇ ಇತ್ತು, ಬಣ್ಣ ತಿರುಗುತ್ತಿತ್ತು.

ಒಂದು ಬೆಳಿಗ್ಗೆ ಬಿದ್ದ ಕತ್ತರಿ ಹುಡುಕಲು ಮಂಚದ ಕೆಳಗೆ ಬಗ್ಗಿದೆ. ಅಲ್ಲಿ ಅಕ್ಕಿ ಡಬ್ಬಿಯ ಹಿಂದೆ ಒಂದು ಅಂಗಡಿಯೇ ಇತ್ತು. ಬಾಳೆಹಣ್ಣಿನ ಹಲ್ವ, ಪೇಡ, ಮೈಸೂರುಪಾಕು, ಬೇಸನ್ ಉಂಡೆ, ಯಾರೋ ಹೊಸನಗರದ ನೆಂಟರಿಂದ ತರಿಸಿದ ತೊಡದೇವಿನ ಕಟ್ಟು, ಪೇರಳೆಹಣ್ಣಿನ ಪಾಕದ ಬಿಲ್ಲೆಗಳು. ಕೆಲವು ಡಬ್ಬಿಗಳ ಮೇಲೆ ಚೀಟಿಯಿತ್ತು: "ತಪಸ್ಸುಕಾಲದ ತ್ಯಾಗ."

"ಅಜ್ಜಿ, ಇದೆಂತ ಇದು?"

"ಪ್ರೀತಿ" ಎಂದಳು.

"ಇದು ಮೈಸೂರುಪಾಕು."

"ಪ್ರೀತಿಯಿಂದ ಕೊಟ್ಟ ಮೈಸೂರುಪಾಕು. ಅವ್ರು ಬಿಟ್ಟದ್ದನ್ನ ಕಷ್ಟದಲ್ಲಿರೋರಿಗೆ ಕೊಡ್ಬೇಕಲ್ಲ, ಈ ವರ್ಷ ಕಷ್ಟದಲ್ಲಿರೋಳು ನಾನು. ಬೇಡ ಅಂದ್ರೆ ಅವ್ರ ತ್ಯಾಗ ಹಾಳಾಗಲ್ವಾ? ಕೊಡೋದು ಸುಲಭ, ತಗೊಳ್ಳೋದೇ ಕಷ್ಟ ಅಂತ ಫಾದರೇ ಹೇಳಿದ್ರು. ನಾನು ಕಷ್ಟದ್ದನ್ನ ಮಾಡ್ತಾ ಇದ್ದೀನಿ."

"ಬೆರಳು ಹೋಗ್ತದೆ ಅಜ್ಜಿ."

"ಒಂದೊಂದೇ ಚೂರು ತಿಂದದ್ದು ಮಾರಾಯ್ತಿ" ಎಂದು ಗೋಡೆ ಕಡೆ ತಿರುಗಿದಳು. ತಪ್ಪು ಗೊತ್ತಿದ್ದವರು ತಿರುಗುವ ಹಾಗೆ.

ನೇರ ಗುರಿಕಾರರ ಮನೆಗೆ ಹೋದೆ. ಅವರು ತಿಂಡಿ ತಿನ್ನುತ್ತಿದ್ದರು. ಸಕ್ಕರೆಯಿಲ್ಲದ ಚಹಾ, ತ್ಯಾಗ.

"ಜನ ಈಗ ತಾನೇ ಪ್ರೀತ್ಸೋಕೆ ಶುರು ಮಾಡಿದ್ದಾರೆ, ತಡೀಬೇಡಿ" ಎಂದರು. "ಒಂದು ತುಂಡು ತಿಂದ್ರೆ ಎಂತ ಆಗ್ತದೆ?"

"ಒಂದು ತುಂಡಲ್ಲ ಅಣ್ಣ. ಮೂವತ್ತು ಮನೆಯ ಒಂದೊಂದು ತುಂಡು."

"ನಿಮ್ಗೆ ಎಲ್ಲದ್ರಲ್ಲೂ ತಪ್ಪು ಕಾಣ್ತದೆ. ಸ್ವಲ್ಪ ವಿಧೇಯತೆ ಇರ್ಲಿ" ಎಂದು ಚಹಾ ಮುಗಿಸಿದರು.

ಆ ಡಬ್ಬಿಗಳನ್ನು ನಾನು ಚೀಲದಲ್ಲಿ ತುಂಬಿ ಮನೆಗೆ ತಂದೆ. ಹಿಂದಿರುಗಿಸಿದರೆ ಅವರಿಗೆ ಅವಮಾನ. ಎಸೆದರೆ ಅನ್ನ ಎಸೆದ ಪಾಪ, ಅದೂ ತಪಸ್ಸುಕಾಲದಲ್ಲಿ. ಬೇರೆಯವರಿಗೆ ಕೊಡೋಣವೆಂದರೆ ವಾರ್ಡಿನ ತುಂಬ ಸಿಹಿ ಬಿಟ್ಟವರೇ. ನಾನು ಆ ವರ್ಷ ಬಿಟ್ಟಿದ್ದು ಎರಡನೇ ಲೋಟ ಕಾಫಿ. ಹಾಗಾಗಿ ಸಂಜೆ ಸಂಜೆ ಒಂದೊಂದೇ ಡಬ್ಬಿ ತೆಗೆದು ಕೂತೆ. ಮರುದಿನ ಮಂಚದ ಕೆಳಗೆ ಹೊಸ ಡಬ್ಬಿಗಳಿರುತ್ತಿದ್ದವು. ಅವನ್ನೂ ತಂದೆ. ಗಂಡ ನೋಡುತ್ತಲೇ ಇದ್ದರು.

"ಅಜ್ಜಿಗೆ ಬದ್ಲು ನೀನು ತಿನ್ತಿದ್ದೀಯಲ್ಲ, ಪ್ರಭು ನಮಗೆ ಬದ್ಲಾಗಿ ಸತ್ತ ಹಾಗೆ."

"ಹಾಗೆಲ್ಲ ಹೇಳ್ಬೇಡಿ, ಪಾಪ."

"ಸರಿ. ಆ ಹಲ್ವ ಇಲ್ಲಿ ಕೊಡು. ನಾನೂ ಸ್ವಲ್ಪ ಸಾಯ್ತೀನಿ."

ನಾಲ್ಕನೇ ವಾರ ಅಜ್ಜಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತದ ಸಕ್ಕರೆ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು.

"ಇವ್ರನ್ನ ನೋಡ್ಕೊಳ್ಳೋದು ಯಾರು?"

"ಇಡೀ ವಾರ್ಡು" ಎಂದಳು ಅಜ್ಜಿ ಹೆಮ್ಮೆಯಿಂದ. "ದಿನಾ ಬರ್ತಾರೆ. ಯಾರೂ ಬರಿಗೈಲಿ ಬರಲ್ಲ."

"ಒಬ್ರೇ ನೋಡ್ಕೊಂಡಿದ್ರೆ ಇಷ್ಟೊತ್ತಿಗೆ ಒಣಗ್ತಿತ್ತು" ಎಂದರು ಡಾಕ್ಟರಮ್ಮ. "ಈಸ್ಟರ್ ಕಳೆಯೋವರೆಗೆ ಟೈಮ್ ಕೊಡ್ತೀನಿ. ಹೀಗೇ ಇದ್ರೆ ಪಾದದ ಆಸೆ ಬಿಡಿ."

ಬರುವಾಗ ಚರ್ಚಿನ ಗೇಟಿನ ಹತ್ತಿರ ಅಜ್ಜಿ, "ಆಶ್ರಮದಲ್ಲಿ ಒಲೆ ಹತ್ರ ಬಿಡ್ತಾರಾ?" ಎಂದು ಕೇಳಿದಳು. ಬಿಡುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಫಾದರಿಗೆ ಎಲ್ಲ ಹೇಳಿದೆ. ಅವರು ನಿಜವಾಗಿ ನೊಂದುಕೊಂಡರು. ಆದರೆ ಜನರ ಪ್ರೀತಿಗೆ ನೋವಾಗದಂತೆ ಹೇಳುತ್ತೇನೆ ಎಂದರು. ಭಾನುವಾರ ಬಹಳ ನಾಜೂಕಾಗಿ, ನಮ್ಮ ಪ್ರೀತಿಯನ್ನು ವಿವೇಕದಿಂದ ಹಂಚೋಣ ಎಂದರು. ಜನ ವಿವೇಕದಿಂದಲೇ ಹಂಚಿದರು. ಮರುದಿನದಿಂದ ಪೇಡ ನಿಂತು ಕಬ್ಬಿನಹಾಲು, ರಸಬಾಳೆ, ಪಾಯಸ ಬಂದವು. "ಸಕ್ಕರೆ ಒಂದು ಕಾಳೂ ಹಾಕಿಲ್ಲ ಅಕ್ಕಾ, ಬರೀ ಜೋನಿಬೆಲ್ಲ" ಎಂದು ಟೀಚರ್ ಆಣೆ ಮಾಡಿದರು.

ಹೀಗೆ ಈಸ್ಟರಿನ ಹಿಂದಿನ ಪವಿತ್ರ ಗುರುವಾರ ಬಂತು. ಆ ಸಂಜೆ ಪೂಜೆಯಲ್ಲಿ ಫಾದರು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಪ್ರಭು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಆ ಹನ್ನೆರಡರಲ್ಲಿ ಆಯ್ಕೆಯಾಗುವುದು ದೊಡ್ಡ ಮರ್ಯಾದೆ, ಆದ್ದರಿಂದ ಅಲ್ಲಿಗೆ ಕೊಳಕು ಕಾಲು ತರುವವರು ಯಾರೂ ಇಲ್ಲ. ಹಿಂದಿನ ದಿನವೇ ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿ, ಕೆಲವರು ಬಣ್ಣ ಹಚ್ಚಿ ಬರುತ್ತಾರೆ. ಹನ್ನೆರಡು ಟವೆಲು ಮಡಚಿಡುವ ನಾನು ಹೇಳುತ್ತೇನೆ, ಮುಗಿದ ಮೇಲೆ ಅವನ್ನು ಒಗೆಯುವ ಅಗತ್ಯವೇ ಇರುವುದಿಲ್ಲ. ಆದರೂ ಒಗೆಯುತ್ತೇನೆ.

ಆ ವರ್ಷ ಹನ್ನೆರಡನೆಯ ಕುರ್ಚಿ ಅಜ್ಜಿಗೆ. ಗುರಿಕಾರರೇ ಏರ್ಪಾಡು ಮಾಡಿದ್ದರು. ಕೂರಿಸುವಾಗ ಕಿವಿಯಲ್ಲಿ, "ಅಜ್ಜಿ, ಎಡಗಾಲು ಮುಂದೆ ಇಡಿ ಆಯ್ತಾ, ಬಲಗಾಲು ಸೀರೆ ಒಳಗೆ" ಎಂದರು. ಅಜ್ಜಿ ತಲೆಯಾಡಿಸಿದಳು. ನಾನು ಟವೆಲಿನ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಹನ್ನೊಂದು ಜನರ ಕಾಲು ಬೇಗ ಮುಗಿದವು. ಒಂದು ಚೊಂಬು ನೀರು, ಒಂದು ಒರೆಸು, ಒಂದು ಮುತ್ತು. ಫಾದರು ಅಜ್ಜಿಯೆದುರು ಮಂಡಿಯೂರಿದರು. ಅಜ್ಜಿ ಎಡಗಾಲನ್ನು ಹಿಂದಕ್ಕೆಳೆದು ಕಟ್ಟು ಕಟ್ಟಿದ ಬಲಗಾಲನ್ನು ಬೇಸಿನ್ನಿನ ಮೇಲೆ ಚಾಚಿದಳು.

"ಆ ಕಾಲು ನಾನೇ ತೊಳ್ಕೊಂಡು ಬಂದಿದ್ದೀನಿ ಫಾದರ್. ಇದನ್ನ ತೊಳೀರಿ."

ಫಾದರ ಕೊರಳಪಟ್ಟಿಯಲ್ಲಿ ಮೈಕು ಇತ್ತು. ಮಾತು ಚರ್ಚಿನ ಕೊನೆಯ ಬೆಂಚಿನವರೆಗೂ ಹೋಯಿತು.

ಅವರಿಗೆ ನಾನು ಮರ್ಯಾದೆ ಕೊಡುವುದು ಆ ಹೊತ್ತಿಗಾಗಿ. ಚೊಂಬು ಕೆಳಗಿಟ್ಟು ಕಟ್ಟನ್ನು ಬಿಚ್ಚತೊಡಗಿದರು. ವಾಸನೆ ಬಂತು. ಹನ್ನೊಂದನೆಯ ಕುರ್ಚಿಯವರು ಅತ್ತ ಸರಿದರು. ಹಾಡುವವರಿಗೆ ಯಾವಾಗ ನಿಲ್ಲಿಸಬೇಕೆಂದು ತಿಳಿಯದೆ ಅದೇ ಚರಣವನ್ನು ನಾಲ್ಕು ಸಲ ಹಾಡಿ, ತಾವಾಗಿಯೇ ನಿಲ್ಲಿಸಿದರು. ಬೆರಳು ಮುಕ್ಕಾಲು ಕಪ್ಪಾಗಿತ್ತು.

"ಯಾಕಮ್ಮ, ಇನ್ನೂ ವಾಸಿ ಆಗಿಲ್ಲ?" ಎಂದರು ಫಾದರು ಮೆಲ್ಲಗೆ. ಮೈಕಿಗೆ ಮೆಲ್ಲಗೆ ಎಂಬುದು ತಿಳಿಯುವುದಿಲ್ಲ.

"ನೀವು ಹೇಳಿದ್ದನ್ನ ಎಲ್ರೂ ಕೇಳಿದ್ರಲ್ಲ ಫಾದರ್, ಅದಕ್ಕೆ."

ಫಾದರು ನನ್ನನ್ನು ನೋಡಿದರು. ಅಷ್ಟು ವರ್ಷ ಆ ಚರ್ಚಿನಲ್ಲಿ ಬಾಯಿ ಬಿಡದೆ ಬಟ್ಟೆ ಮಡಚಿದವಳು ನಾನು. ಆದರೆ ಬಾಯಲ್ಲಿ ಮಾತು ಬಂದುಬಿಟ್ಟಿತ್ತು.

"ನಾವೆಲ್ಲ ಬಿಟ್ಟ ಸಿಹಿ ಇವ್ರ ಮಂಚದ ಕೆಳಗೆ ಬಂದು ಬಿದ್ದಿದೆ ಫಾದರ್. ಸಕ್ಕರೆದು, ಬೆಲ್ಲದ್ದು, ಎಲ್ಲ. ತೊಳೆಯೋಕೆ ಪಟ್ಟಿಯಲ್ಲಿದ್ದವ್ರಲ್ಲಿ ಒಬ್ರೂ ಈ ಬಟ್ಟೆ ಬಿಚ್ಚಿಲ್ಲ. ಇನ್ನು ಯಾರಾದ್ರೂ ಅಜ್ಜಿಗೆ ಏನಾದ್ರೂ ತರೋದಿದ್ರೆ ಉಪ್ಪು ತರ್ಲಿ. ಮತ್ತೆ, ಆ ನೀರು ಹಾಕ್ಬೇಡಿ, ಬಾವಿ ನೀರು ಅದು. ನನ್ನ ಫ್ಲಾಸ್ಕಲ್ಲಿ ಉಪ್ಪುನೀರಿದೆ."

ಫಾದರು ಬೇಸಿನ್ನಿನ ನೀರು ಬದಿಗಿಟ್ಟು ಫ್ಲಾಸ್ಕಿಗೆ ಕೈ ಚಾಚಿದರು. ತೊಳೆದದ್ದು ಕೆಟ್ಟದಾಗಿತ್ತು, ಕಟ್ಟು ಕಟ್ಟಿದ್ದು ಇನ್ನೂ ಕೆಟ್ಟದಾಗಿ, ಸಂತೆಯಲ್ಲಿ ಕೋಳಿಕಾಲು ಕಟ್ಟಿದ ಹಾಗೆ. ಮುಗಿದ ಮೇಲೆ ಅಜ್ಜಿ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, "ನಾಳೆನೂ ಬರ್ತೀರಾ?" ಎಂದಳು.

ಫಾದರು ಒದ್ದೆ ಟವೆಲನ್ನು ತಾವೇ ಹಿಂಡಿ ನನ್ನ ಬುಟ್ಟಿಗೆ ಹಾಕಿದರು.

"ಬರ್ತೀನಿ" ಎಂದರು.

ಮರುದಿನ ಶುಭ ಶುಕ್ರವಾರ, ಫಾದರುಗಳಿಗೆ ವರ್ಷದಲ್ಲೇ ಹೆಚ್ಚು ಕೆಲಸದ ದಿನ. ಆದರೂ ಬೆಳಿಗ್ಗೆ ಆರೂವರೆಗೆ ಬಂದರು. ನಾನು ಹೇಳಿಕೊಟ್ಟೆ, ಅಜ್ಜಿ ಬೈದಳು, ಅವರು ಕಲಿತರು. ಆರು ದಿನ ಬಿಡದೆ ಬಂದರು. ಆಮೇಲೆ ಮೀಟಿಂಗು, ಊರೂರು. ಈಗ ಶನಿವಾರಗಳಂದು ಬರುತ್ತಾರೆ. ವಾರ್ಡಿನವರು ನನ್ನ ಮಾತಿಗೆ ಬಹಳ ನೊಂದುಕೊಂಡರು. ಸಿಹಿ ನಿಂತಿತು, ಅದರ ಜೊತೆ ಜನ ಬರುವುದೂ ನಿಂತಿತು. ಗುರಿಕಾರರು ನನ್ನೊಡನೆ ಮೂರು ತಿಂಗಳು ಮಾತು ಬಿಟ್ಟಿದ್ದರು. ಅವರು ನಿಜವಾಗಿ ಬಿಟ್ಟದ್ದು ಅದೊಂದೇ. ಟೀಚರ್ ಮಾತ್ರ ಒಂದು ಮಂಗಳವಾರ ಕರ್ಚೀಫು ಕಟ್ಟಿಕೊಂಡು ಬಂದು, "ಎಲ್ಲಿಂದ ಬಿಚ್ಚೋದು ಹೇಳಿ" ಎಂದರು. ಈಗ ಮಂಗಳವಾರ ಅವರದ್ದು. ಧಾರಾವಾಹಿಯ ಕತೆ ಅಜ್ಜಿಗೆ ಹೇಳುತ್ತಾ ಕಟ್ಟುತ್ತಾರೆ.

ಬೆರಳು ಉಳಿಯಲಿಲ್ಲ. ಶಿವಮೊಗ್ಗದಲ್ಲಿ ಕಿರುಬೆರಳೊಂದನ್ನು ತೆಗೆದರು. ಆದರೆ ಅಲ್ಲೇ ನಿಂತಿತು, ಪಾದ ಉಳಿಯಿತು. ದಿನಾ ಕಾಲು ತೊಳೆದು ಕಟ್ಟುವುದು ಮಾತ್ರ ಇನ್ನೂ ತಪ್ಪಿಲ್ಲ. ಆಸ್ಪತ್ರೆಯಿಂದ ಬಂದ ಹದಿನೈದನೇ ದಿನ ಅಜ್ಜಿ ಕೋಲೂರಿಕೊಂಡು ಅಂಗಳದಾಚೆಯ ನಾಲ್ಕು ಮೆಟ್ಟಿಲನ್ನೂ ಹತ್ತಿ ಇಳಿದು, ಸಮಿತಿಯವರು ನೋಡುತ್ತಿದ್ದಾರೆಂದು ಗೊತ್ತಾಗಿ ಇನ್ನೊಂದು ಸಲ ಹತ್ತಿದಳು. ಆಶ್ರಮದ ಮಾತು ಆಮೇಲೆ ಯಾರೂ ಎತ್ತಿಲ್ಲ.

"ದೇವ್ರು ಕೊಟ್ಟ ಹತ್ತು ಕಟ್ಟಳೆಯಲ್ಲಿ ಊರವ್ರು ಒಂಬತ್ತು ನಡೆಸಿದ್ರೂ ದೊಡ್ಡದು" ಎಂದಳು ನನಗೆ. "ನಂಗೂ ಒಂಬತ್ತು ಬೆರಳು ಸಾಕು."

ಅದೇ ತಿಂಗಳು ಡಾಕ್ಟರಮ್ಮ ಯಾಕೋ ನನ್ನ ಮುಖ ನೋಡಿ ನನ್ನ ಬೆರಳಿಗೂ ಸೂಜಿ ಚುಚ್ಚಿದರು. ಸಕ್ಕರೆ ಗಡಿಯ ಮೇಲಿದೆಯಂತೆ. ಇತ್ತೀಚೆಗೆ ಸಿಹಿ ಜಾಸ್ತಿ ತಿಂದಿದ್ರಾ ಎಂದು ಕೇಳಿದರು. ಏನೆಂದು ಹೇಳಲಿ? ಮೂವತ್ತು ಮನೆಯ ತ್ಯಾಗವನ್ನು ತಿಂದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಮಾತ್ರೆ ಬರೆದುಕೊಟ್ಟರು.

ಈ ಸಲ ಬೂದಿಯ ದಿನ ಮೆಟ್ಟಿಲಿನ ಮೇಲೆ ನನ್ನನ್ನೂ ಯಾರೋ ಕೇಳಿದರು, ಎಂತ ಬಿಡ್ತೀರಿ ಎಂದು. ಸಿಹಿ ಎಂದೆ. ಡಾಕ್ಟರು ಹೇಳಿದ್ದೋ ನೀವಾಗಿ ಬಿಟ್ಟದ್ದೋ ಎಂದರು. ಉತ್ತರ ಕೊಡಲು ಸಮಯವಿರಲಿಲ್ಲ. ಒಲೆಯ ಮೇಲೆ ಅಜ್ಜಿಯ ಕಾಲಿಗೆಂದು ನೀರು ಇಟ್ಟು ಬಂದಿದ್ದೆ. ಬಿಸಿ ಹೆಚ್ಚಾದರೆ ಬೈಯುತ್ತಾಳೆ, ತಣ್ಣಗಾದರೂ ಬೈಯುತ್ತಾಳೆ. ಬಿಸಿ ಸರಿಯಾಗಿದ್ದ ದಿನ ಒಂದು ಮಾತೂ ಆಡುವುದಿಲ್ಲ. ಅಂಥ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಈ ತಿಂಗಳು ಇವತ್ತಿನವರೆಗೆ ನಾಲ್ಕು.